ಶಿವಮೊಗ್ಗದ ನಾಲ್ಕು ಪುಟದ ಪೇಪರಿನಲ್ಲಿ 45 ದಿನ

ಮೊನ್ನೆ ಕಾಲೇಜಿಗೆ ಹೋಗಿ ಇಂಟರ್ನ್‌ಶಿಪ್ ಸರ್ಟಿಫಿಕೇಟ್, ದಿನಚರಿ ಪುಸ್ತಕ, ಅಚ್ಚಾದ 14 ಸುದ್ದಿಗಳ ಕಟಿಂಗ್ ಎಲ್ಲವನ್ನೂ ಕೊಟ್ಟು ಬಂದೆ. ಏಪ್ರಿಲ್‌ನಲ್ಲಿ ಶುರುವಾದ ಓಡಾಟ ಜುಲೈಗೆ ಮುಗಿಯಿತು. ಅದರಲ್ಲಿ ಪತ್ರಿಕೆಯಲ್ಲಿ ಕೆಲಸ ಮಾಡಿದ್ದು 45 ದಿನ. ಉಳಿದದ್ದೆಲ್ಲ ಪತ್ರ, ಸಹಿ, ಸೀಲು, ಕಾಯುವುದು.

ಜೂನಿಯರ್‌ಗಳು ಈಗಲೇ ಫೋನ್ ಮಾಡುತ್ತಿದ್ದಾರೆ. ಎಲ್ಲಿ ಸೇರೋದು, ಎಷ್ಟು ಖರ್ಚಾಗುತ್ತೆ, ದುಡ್ಡು ಕೊಡ್ತಾರಾ, ಹುಡುಗಿಯರಿಗೆ ಕಷ್ಟ ಆಗುತ್ತಾ ಅಂತ. ಹೋದ ವರ್ಷ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ಸರಿಯಾಗಿ ಹೇಳುವವರು ಸಿಕ್ಕಿರಲಿಲ್ಲ. ಅದಕ್ಕೇ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ನಾನು ಹೊಸನಗರ ತಾಲ್ಲೂಕಿನವಳು. ಬಿ.ಎ.ಯಲ್ಲಿ ಪತ್ರಿಕೋದ್ಯಮ ನನ್ನ ಒಂದು ವಿಷಯ. ರಜೆಯಲ್ಲಿ 45 ದಿನ ಯಾವುದಾದರೂ ಮಾಧ್ಯಮ ಸಂಸ್ಥೆಯಲ್ಲಿ ಕೆಲಸ ಕಲಿತು ಬರಬೇಕು, ಜಾಗವನ್ನು ನಾವೇ ಹುಡುಕಿಕೊಳ್ಳಬೇಕು ಅಂತ ಕಾಲೇಜಿನಲ್ಲಿ ಹೇಳಿದರು. ಕ್ಲಾಸಿನ ಅರ್ಧ ಜನ ಬೆಂಗಳೂರಿನ ಟಿವಿ ಚಾನೆಲ್ ಅಂತ ಹೊರಟರು. ನಾನೂ ದೊಡ್ಡ ಪತ್ರಿಕೆಗಳೆರಡಕ್ಕೆ ಇ-ಮೇಲ್ ಕಳಿಸಿದೆ. ಮೂರು ವಾರ ಕಾದೆ. ಉತ್ತರವೇ ಇಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಮೊಬೈಲ್ ತೆಗೆದು ನೋಡುವುದು, ಮನಸ್ಸು ಸಣ್ಣಗೆ ಮಾಡಿಕೊಳ್ಳುವುದು. ಏಪ್ರಿಲ್ ಕೊನೆಗೆ ಬಂದಾಗ ಅಪ್ಪಯ್ಯ ಹೇಳಿದರು: ‘ಮನೆಗೆ ದಿನಾ ಬರುವ ಪೇಪರಿದೆಯಲ್ಲ, ಅವರನ್ನು ಹೋಗಿ ಕೇಳು.’

ನಮ್ಮ ಮನೆಗೆ ಬರುವುದು ಶಿವಮೊಗ್ಗದಿಂದ ಹೊರಡುವ ಒಂದು ನಾಲ್ಕು ಪುಟದ ದಿನಪತ್ರಿಕೆ. ಬೆಳಗಿನ ಬಸ್ಸಿನಲ್ಲಿ ಬಂಡಲ್ ಬರುತ್ತದೆ, ಅಂಗಡಿಯಲ್ಲಿ ಇಳಿಸುತ್ತಾರೆ. ಅಪ್ಪಯ್ಯ ಮೊದಲು ನೋಡುವುದು ಅಡಿಕೆ ಧಾರಣೆ, ಆಮೇಲೆ ನಿಧನ ವಾರ್ತೆ. ಅಷ್ಟು ವರ್ಷ ಓದಿಯೂ ಅದರ ಆಫೀಸು ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ. ಕೊನೆಯ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ವಿಳಾಸ ಇತ್ತು. ಅದನ್ನು ಬರೆದುಕೊಂಡು ಬಸ್ ಹತ್ತಿದೆ.

ಹೋಗುವ ಮೊದಲು ಫೋನ್ ಮಾಡಿ, ಆದರೆ ಫೋನಿನಲ್ಲೇ ಮುಗಿಸಬೇಡಿ. ಎದುರಿಗೆ ಹೋಗಿ. ಸಣ್ಣ ಪತ್ರಿಕೆಯವರಿಗೆ ಇ-ಮೇಲ್ ನೋಡಲು ಪುರುಸೊತ್ತು ಇರುವುದಿಲ್ಲ. ಮಧ್ಯಾಹ್ನ 12ರಿಂದ 2ರ ನಡುವೆ ಹೋದರೆ ಮಾತಿಗೆ ಸಿಗುತ್ತಾರೆ. ಸಂಜೆ 5ರ ಮೇಲೆ ಹೋದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ, ಆಗ ಪೇಜ್ ಮಾಡುವ ಹೊತ್ತು.

ಸಂಪಾದಕರು ನನ್ನನ್ನು ಕೂರಿಸಿ ಕೇಳಿದ್ದು ಒಂದೇ ಪ್ರಶ್ನೆ. ‘ನಿಮ್ಮೂರಲ್ಲಿ ಎಷ್ಟು ಮನೆ ಇದಾವಮ್ಮ?’ ನಾನು ‘ಒಂದು ನಲವತ್ತು ಇರಬಹುದು ಸರ್’ ಅಂದೆ. ‘ಇರಬಹುದು ಅಲ್ಲ, ಎಣಿಸಿಕೊಂಡು ಬಾ’ ಅಂದರು. ಅಂದು ಮನೆಗೆ ಹೋಗಿ ಎಣಿಸಿದೆ. 33 ಮನೆ. ಹುಟ್ಟಿ ಬೆಳೆದ ಊರು, ಅಷ್ಟು ತಪ್ಪು ಹೇಳಿದ್ದೆ. ಮರುದಿನ ಫೋನ್ ಮಾಡಿ ತಿಳಿಸಿದೆ. ಮೇ 12ಕ್ಕೆ ಬಾ ಅಂದರು.

ಅಷ್ಟರಲ್ಲಿ ಕಾಗದಪತ್ರದ ಕೆಲಸ. ಕಾಲೇಜಿನ ಶಿಫಾರಸು ಪತ್ರ ಬೇಕು. ವಿಭಾಗದ ಮುಖ್ಯಸ್ಥರು ಪರೀಕ್ಷಾ ಕೆಲಸಕ್ಕೆ ಹೋಗಿದ್ದರು, ಪ್ರಾಂಶುಪಾಲರು ಸಭೆಗೆ. ಒಂದು ಸಹಿಗೆ ಮೂರು ಸಲ ಹೋದೆ. ಪತ್ರದ ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಪತ್ರಿಕೆಯವರಿಂದ ‘ಸ್ವೀಕರಿಸಿದೆ’ ಅಂತ ಸಹಿ, ತಾರೀಖು ಹಾಕಿಸಿಕೊಂಡು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನಾನು ಇದನ್ನು ಮಾಡಲಿಲ್ಲ. ಅದರ ಕಷ್ಟ ಕೊನೆಗೆ ಅನುಭವಿಸಿದೆ, ಮುಂದೆ ಹೇಳುತ್ತೇನೆ. ಇದರ ಜೊತೆ ಆಧಾರ್ ಜೆರಾಕ್ಸ್, ಎರಡು ಫೋಟೊ, ಅಪ್ಪಯ್ಯನ ಒಪ್ಪಿಗೆ ಪತ್ರ.

ಉಳಿಯಲು ಶಿವಮೊಗ್ಗದ ವಿನೋಬನಗರದಲ್ಲಿ ಚಿಕ್ಕಮ್ಮನ ಮನೆ ಇತ್ತು. ಹಾಗಾಗಿ ಬಾಡಿಗೆ ಖರ್ಚು ಉಳಿಯಿತು. ಬೇರೆ ಪತ್ರಿಕೆಗೆ ಸೇರಿದ ನನ್ನ ಗೆಳತಿ ಪಿಜಿಗೆ ತಿಂಗಳಿಗೆ 5,000 ಕೊಟ್ಟಳು. ಬಸ್ಸಿನ ವಿಷಯ ಸರಿಯಾಗಿ ತಿಳಿದುಕೊಳ್ಳಿ. ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ನಿಜ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಒಳದಾರಿಗಳಲ್ಲಿ ಓಡುವುದು ಜಾಸ್ತಿ ಪ್ರೈವೇಟ್ ಬಸ್ಸು. ಸುದ್ದಿಗೆ ಅಂತ ಹಳ್ಳಿ ಕಡೆ ಹೋದಾಗಲೆಲ್ಲ ಕೈಯಿಂದ ದುಡ್ಡು ಕೊಟ್ಟೇ ಟಿಕೆಟ್ ತೆಗೆದುಕೊಂಡಿದ್ದೇನೆ.

ಮೊದಲ ದಿನ ಉಪಸಂಪಾದಕರು ನನಗೆ ಓದಲು ಕೊಟ್ಟಿದ್ದು ಅದೇ ಕೊನೆಯ ಪುಟದ ತಳದ ಸಾಲು. ಮಾಲೀಕರು, ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು ಅಂತ ಅಲ್ಲಿರುತ್ತದೆ. ಪ್ರತಿ ಪತ್ರಿಕೆಯೂ ಅದನ್ನು ಹಾಕಲೇಬೇಕು ಅಂತ 1867ರ ಕಾಯ್ದೆಯ ಕಾಲದಿಂದ ಇದೆ. ಆ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ. ‘ನೀನು ತಪ್ಪು ಬರೆದರೆ ಕೋರ್ಟಿಗೆ ಹೋಗಿ ನಿಲ್ಲುವ ಹೆಸರು ಇದು. ದಿನಾ ಬರೆಯಲು ಕೂರುವಾಗ ಒಂದು ಸಲ ನೋಡು’ ಅಂದರು. ಕ್ಲಾಸಿನಲ್ಲಿ ಪತ್ರಿಕಾ ಕಾನೂನು ಅಂತ ಒಂದು ಪೇಪರ್ ಬರೆದು ಪಾಸಾಗಿದ್ದೆ. ಅದು ಒಬ್ಬ ಮನುಷ್ಯನ ಹೆಸರು ಅಂತ ಆವತ್ತು ಅನ್ನಿಸಿತು.

ಮೊದಲ ಅಡ್ಡಿ ಬಂದಿದ್ದು ಟೈಪಿಂಗ್‌ನಲ್ಲಿ. ನಾನು ಮೊಬೈಲಿನಲ್ಲಿ ವೇಗವಾಗಿ ಕನ್ನಡ ಟೈಪ್ ಮಾಡುತ್ತೇನೆ. ಅಲ್ಲಿ ನೋಡಿದರೆ ಪುಟ ಜೋಡಿಸಲು ಪೇಜ್‌ಮೇಕರ್ ಅನ್ನುವ ಹಳೇ ಸಾಫ್ಟ್‌ವೇರ್, ಅದಕ್ಕೆ ನುಡಿ ತಂತ್ರಾಂಶದ ಅಕ್ಷರ. ಮೊಬೈಲಿನಿಂದ ಕಳಿಸಿದ ಯೂನಿಕೋಡ್ ಅಕ್ಷರವನ್ನು ಅಲ್ಲಿ ಹಾಕಿದರೆ ಬರೀ ಪ್ರಶ್ನೆ ಚಿಹ್ನೆಗಳ ಸಾಲು ಬರುತ್ತದೆ. ಬದಲಾಯಿಸುವ ಸಾಫ್ಟ್‌ವೇರ್ ಇದೆ. ಆದರೆ ಒಂದೆರಡು ಕಡೆ ಒತ್ತಕ್ಷರ ಹಾರಿಹೋಗುತ್ತದೆ, ಅರ್ಕಾವೊತ್ತು ಜಾಗ ತಪ್ಪುತ್ತದೆ. ಕಂಪ್ಯೂಟರಿನಲ್ಲಿ ಪುಟ ಮಾಡುವ ಡಿಟಿಪಿ ಅಕ್ಕ ನನ್ನ ಒಂದು ಸುದ್ದಿಯನ್ನು ಸರಿಮಾಡಲು ತಾವೇ ಹೊಸದಾಗಿ ಟೈಪ್ ಮಾಡುವುದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಂಡರು. ನನಗೆ ತುಂಬಾ ಬೇಜಾರಾಯಿತು. ಆ ರಾತ್ರಿಯೇ ಚಿಕ್ಕಪ್ಪನ ಹಳೇ ಲ್ಯಾಪ್‌ಟಾಪ್‌ಗೆ ನುಡಿ ಹಾಕಿಕೊಂಡೆ, ಅದು ಉಚಿತವಾಗಿ ಸಿಗುತ್ತದೆ. ಗ, ಎಫ್, ಗ ಒತ್ತಿದರೆ ಗ್ಗ. ಅಲ್ಲಿಂದ ಶುರು. ಕೈ ಹತ್ತಲು 10 ದಿನ ಬೇಕಾಯಿತು. ನೀವು ಸೇರುವ ಮೊದಲೇ ಕಲಿತುಕೊಳ್ಳಿ. ಇಂಟರ್ನ್‌ಶಿಪ್‌ಗೆ ತಯಾರಿ ಅಂತ ನಾನು ಹೇಳುವುದಿದ್ದರೆ ಮೊದಲು ಇದೊಂದೇ.

ನನಗೆ ಕೊಟ್ಟ ಮೊದಲ ಕೆಲಸ ಅಡಿಕೆ ಧಾರಣೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯಲ್ಲಿ ಬಗೆಗಳು. ಒಂದೊಂದಕ್ಕೂ ಕ್ವಿಂಟಾಲಿಗೆ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಮಾರುಕಟ್ಟೆಯಿಂದ ಬಂದ ಪಟ್ಟಿ ನೋಡಿ ಟೈಪ್ ಮಾಡುವುದು, ಅಷ್ಟೇ. ಎರಡು ದಿನಕ್ಕೆ ನನಗೆ ಇದೇನು ಗುಮಾಸ್ತೆ ಕೆಲಸ ಅನ್ನಿಸಿತು, ವರದಿ ಬರೆಯಲು ಬಂದವಳು ನಾನು ಅಂತ. ಮೂರನೇ ದಿನ ಒಂದು ಅಂಕಿ ಟೈಪ್ ಮಾಡಿ ಸುಮ್ನೆ ಮುಂದೆ ಹೋಗುತ್ತಿದ್ದೆ. ಅಕ್ಕ ತಡೆದರು. ‘ಇದನ್ನ ನೋಡಿ ನಿಮ್ಮ ಅಪ್ಪಯ್ಯ ನಾಳೆ ಮಂಡಿಗೆ ಚೀಲ ಹಾಕ್ತಾರೋ ಇಲ್ವೋ?’ ಅಂದರು. ನಮ್ಮನೆಯ ಜಗಲಿಯಲ್ಲಿ ಕನ್ನಡಕ ಮೂಗಿಗೆ ಇಳಿಸಿಕೊಂಡು ಅಪ್ಪಯ್ಯ ಆ ಚೌಕವನ್ನು ಬೆರಳಿಟ್ಟು ಓದುವುದು ಕಣ್ಣಿಗೆ ಬಂತು. ಅವತ್ತಿನಿಂದ ಅಂಕಿಗಳನ್ನು ಬಾಯಿಬಿಟ್ಟು ಓದಿ, ಎರಡನೇ ಸಲ ಹಿಂದಿನಿಂದ ಓದಿ ಕೊಡುತ್ತಿದ್ದೆ.

ಪತ್ರಿಕಾಗೋಷ್ಠಿಗಳಿಗೂ ಕಳಿಸಿದರು. ಅದರ ಬಗ್ಗೆ ಹೇಳುವುದು ಕಡಿಮೆ. ಒಂದು ದಿನಕ್ಕೆ ಮೂರು ನಾಲ್ಕು ಇರುತ್ತವೆ, ಪ್ರೆಸ್‌ನೋಟ್ ಕೊಡುತ್ತಾರೆ, ಅದನ್ನೇ ಚುಟುಕು ಮಾಡಿ ಬರೆಯಬಹುದು. ನೋಟಿನಲ್ಲಿ ಇಲ್ಲದ ಒಂದು ವಿಷಯವನ್ನಾದರೂ ಕೇಳಿ ತರಬೇಕು ಅಂತ ನನಗೆ ಹೇಳಿದ್ದರು. ಎಲ್ಲರೆದುರು ಪ್ರಶ್ನೆ ಕೇಳಲು ಎರಡು ವಾರ ಧೈರ್ಯ ಬರಲಿಲ್ಲ. ಮುಗಿದ ಮೇಲೆ ಹತ್ತಿರ ಹೋಗಿ ಕೇಳುತ್ತಿದ್ದೆ. ಅದೂ ನಡೆಯುತ್ತದೆ.

ಪೊಲೀಸರಿಂದ ಬರುವ ಸುದ್ದಿಯಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ಒಂದು ದಿನ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆ ಕಾಯ್ದೆಯ, ಪ್ರಕರಣದ ಸುದ್ದಿ ಬರೆದೆ. ಬಾಲಕಿಯ ಹೆಸರು ಹಾಕಿರಲಿಲ್ಲ, ನನಗೆ ಅಷ್ಟು ಗೊತ್ತಿತ್ತು. ಆದರೆ ಊರಿನ ಹೆಸರು, ಯಾವ ಶಾಲೆ, ತಂದೆ ಏನು ಕೆಲಸ ಮಾಡುತ್ತಾರೆ ಎಲ್ಲ ಹಾಕಿದ್ದೆ. ಸಂಪಾದಕ ಸರ್ ಕೆಂಪು ಪೆನ್ನಿನಿಂದ ಮೂರನ್ನೂ ಹೊಡೆದು ಹಾಕಿದರು. ಮನೆಯವರು, ಶಾಲೆ, ನೆರೆಹೊರೆ, ಇದರಲ್ಲಿ ಯಾವುದರಿಂದ ಗುರುತು ಸಿಕ್ಕರೂ ಕಾಯ್ದೆಯ ಪ್ರಕಾರ ತಪ್ಪೇ. ‘30 ಮನೆಯ ಊರಿನ ಹೆಸರು ಹಾಕಿದರೆ ಆ ಹುಡುಗಿಯ ಹೆಸರು ಹಾಕಿದ ಹಾಗೇ ಅಲ್ವಾ’ ಅಂದರು. ದೊಡ್ಡ ನಗರದ ಪುಸ್ತಕ ಓದಿ ಬಂದವರಿಗೆ ಇದು ಹೊಳೆಯುವುದಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯಬೇಕು.

ಮೂರನೇ ವಾರದಲ್ಲಿ ಒಂದು ಸಂಜೆ ಯಾರೋ ಒಬ್ಬರು ಚೀಟಿ ತಂದುಕೊಟ್ಟರು. ಗೋಡೆ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ನೀಲಿ ಇಂಕಿನಲ್ಲಿ ಬರೆದದ್ದು. ನಿವೃತ್ತ ಮೇಷ್ಟ್ರೊಬ್ಬರು ತೀರಿಕೊಂಡಿದ್ದರು. ‘ಮೃತರಿಗೆ ಪತ್ನಿ, ಇಬ್ಬರು ಪುತ್ರರು, ಅಪಾರ ಬಂಧು ಬಳಗ ಇದ್ದಾರೆ’ ಅಂತ ಚೀಟಿಯಲ್ಲಿತ್ತು. ಚೀಟಿ ಕೊಟ್ಟವರು ಯಾರು, ಸಂಬಂಧದಲ್ಲಿ ಏನಾಗಬೇಕು ಅಂತ ನಾನು ಕೇಳಲಿಲ್ಲ. ಇದ್ದ ಹಾಗೆಯೇ ಟೈಪ್ ಮಾಡಿ, ಫೋಟೊ ಸ್ಕ್ಯಾನ್ ಮಾಡಿ ಕೊಟ್ಟು ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಫೋನ್ ಬಂತು. ನಾನೇ ಎತ್ತಿದೆ. ಹೆಂಗಸಿನ ದನಿ. ‘ಇವತ್ತು ನಮ್ಮಪ್ಪನ ಸುದ್ದಿ ಹಾಕಿದ್ದೀರಿ’ ಅಂದರು. ‘ಹೌದು ಮೇಡಂ’ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ನಾನೂ ಇದ್ದೀನಲ್ಲಮ್ಮ’ ಅಂದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವರು ಹಿರಿಯ ಮಗಳು. ಮನೆಯವರಿಗೆ ಇಷ್ಟವಿಲ್ಲದ ಮದುವೆ ಮಾಡಿಕೊಂಡಿದ್ದರಂತೆ, 20 ವರ್ಷದ ಹಿಂದೆ. ಚೀಟಿ ಬರೆದವರು ಬೇಕಂತಲೇ ಬಿಟ್ಟರೋ, ಬಿಟ್ಟೇ ರೂಢಿಯಾಗಿತ್ತೋ. ಆದರೆ ಅಚ್ಚು ಹಾಕಿದವಳು ನಾನು. ಕೈಕಾಲು ತಣ್ಣಗಾಯಿತು. ಸರ್‌ಗೆ ಹೇಳಿದಾಗ ಅವರು ಚೀಟಿ ತರಿಸಿ ನೋಡಿದರು. ‘ಹೆಣ್ಣುಮಕ್ಕಳು ಇದ್ದಾರಾ ಅಂತ ಕೇಳಿದ್ಯಾ?’ ಅಂದರು. ಇಲ್ಲ ಅಂದೆ. ‘ಮಗನಿಗೆ ನೀನೇ ಫೋನ್ ಮಾಡು. ಅವರು ಹೂಂ ಅಂದರೆ ನಾಳೆ ತಿದ್ದುಪಡಿ ಹಾಕೋಣ’ ಅಂದರು.

ಸಾವಿನ ಮನೆಗೆ ಫೋನ್ ಮಾಡಿ ಇಂಥ ಪ್ರಶ್ನೆ ಕೇಳುವುದು ಹೇಗೆ? ಅರ್ಧ ಗಂಟೆ ಫೋನ್ ಹಿಡಿದುಕೊಂಡೇ ಕೂತಿದ್ದೆ. ಕೊನೆಗೆ ಮಾಡಿದೆ. ಕಿರಿಯ ಮಗ ಎತ್ತಿದರು. ವಿಷಯ ಹೇಳಿದೆ. ಹಿಂದೆ ಯಾರೋ ಪಾತ್ರೆ ಎತ್ತಿಡುವ ಸದ್ದು ಕೇಳುತ್ತಿತ್ತು. ಅವರು ಫೋನ್ ಹಿಡಿದು ಹೊರಗೆ ಬಂದರು ಅಂತ ಕಾಣುತ್ತೆ, ಸದ್ದು ನಿಂತಿತು. ‘ಹೌದಮ್ಮ. ಅಕ್ಕ ಇದ್ದಾಳೆ. ಹಾಕಿ’ ಅಂದರು.

ಮೂರು ಸಾಲಿನ ತಿದ್ದುಪಡಿ. ‘ಓರ್ವ ಪುತ್ರಿ’ ಅಂತ ಸೇರಿಸಿ ಮರುದಿನ ಅದೇ ಪುಟದಲ್ಲಿ, ಅದೇ ಜಾಗದಲ್ಲಿ ಹಾಕಿದರು. ಆವತ್ತು ಮಧ್ಯಾಹ್ನ ಆ ಮಗಳು ಆಫೀಸಿಗೇ ಬಂದರು. ಐದು ಪ್ರತಿ ಕೇಳಿದರು. ದುಡ್ಡು ಬೇಡ ಅಂದರೂ ಎಣಿಸಿ ಮೇಜಿನ ಮೇಲಿಟ್ಟರು. ಒಂದು ಪೇಪರನ್ನು ಅಲ್ಲೇ ಬಿಡಿಸಿ, ಆ ಮೂರು ಸಾಲು ಹೊರಗೆ ಕಾಣುವ ಹಾಗೆ ಮಡಚಿ ಬ್ಯಾಗಿನಲ್ಲಿಟ್ಟುಕೊಂಡರು. ನಾನು ಕ್ಷಮಿಸಿ ಅಂದೆ. ನನ್ನ ಭುಜ ಮುಟ್ಟಿ ಹೋದರು.

ಆಮೇಲೆ ನಾನು ನಿಧನ ವಾರ್ತೆ ತೆಗೆದುಕೊಳ್ಳುವಾಗ ಕೇಳುತ್ತಿದ್ದ ಪ್ರಶ್ನೆಗಳು ಇವು: ನೀವು ಅವರಿಗೆ ಏನಾಗಬೇಕು, ನಿಮ್ಮ ಫೋನ್ ನಂಬರ್ ಏನು, ಗಂಡುಮಕ್ಕಳು ಎಷ್ಟು, ಹೆಣ್ಣುಮಕ್ಕಳು ಎಷ್ಟು, ಮದುವೆಯಾಗಿ ಹೋದವರನ್ನೂ ಸೇರಿಸಿದ್ದೀರಾ. ಕೊನೆಯ ಪ್ರಶ್ನೆಗೆ ನಿಂತು ಯೋಚಿಸಿದವರು ಮತ್ತಿಬ್ಬರು ಸಿಕ್ಕರು. ದಯವಿಟ್ಟು ನೀವೂ ಕೇಳಿ.

ಮೇ ಮುಗಿಯುತ್ತಾ ಬಂದಾಗ ಕೆಲಸ ಸ್ವಲ್ಪ ಕೈಗೆ ಹತ್ತಿತ್ತು. ಜೂನ್‌ನಲ್ಲಿ ಮಳೆ ಶುರುವಾಯಿತು, ಜಲಾಶಯದ ನೀರಿನ ಮಟ್ಟದ ಚೌಕವೂ ನನ್ನ ಪಾಲಿಗೆ ಬಂತು. ಇಲ್ಲಿ ಒಂದು ಎಚ್ಚರಿಕೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ, ಭದ್ರಾದ್ದು 186 ಅಡಿ, ಗಾಜನೂರಿನ ತುಂಗಾ ಜಲಾಶಯದ್ದು 588.24 ಮೀಟರ್. ಎರಡು ಅಡಿಯಲ್ಲಿ, ಒಂದು ಮೀಟರಿನಲ್ಲಿ. ಹೊಸಬರು ಮೂರಕ್ಕೂ ಅಡಿ ಅಂತಲೇ ಹಾಕಿಬಿಡುತ್ತಾರೆ. ಒಳಹರಿವು, ಹೊರಹರಿವು ಕ್ಯೂಸೆಕ್‌ನಲ್ಲಿ. ತುಂಗೆಗೆ ನೀರು ಬಿಟ್ಟರೆ ಊರೆಲ್ಲ ಕೇಳುವುದು ಒಂದೇ, ‘ಕೋರ್ಪಲಯ್ಯನ ಛತ್ರದ ಹತ್ತಿರ ಮಂಟಪ ಮುಳುಗ್ತಾ?’ ಅಂತ. ಅಂಕಿ ಎಷ್ಟು ಹಾಕಿದರೂ ಜನಕ್ಕೆ ಆ ಮಂಟಪದ ಲೆಕ್ಕವೇ ಅರ್ಥವಾಗುವುದು. ಹಾಗಾಗಿ ನೀರಿನ ಸುದ್ದಿ ಬರೆಯುವಾಗ ಹೊಳೆ ಹತ್ತಿರ ಹೋಗಿ ನೋಡಿಕೊಂಡೇ ಬರೆಯಬೇಕು.

ನನ್ನದೇ ಅಂತ ಒಂದು ದೊಡ್ಡ ವರದಿ ಮಾಡಬೇಕು ಅಂತ ಮೊದಲಿನಿಂದ ಆಸೆ ಇತ್ತು. ಶರಾವತಿ ಮುಳುಗಡೆ ಸಂತ್ರಸ್ತರ ಬಗ್ಗೆ ಬರೆಯುತ್ತೇನೆ ಅಂದಿದ್ದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ಊರು ಮುಳುಗಿ ಎದ್ದು ಬಂದವರ ಮನೆಗಳಲ್ಲಿ ಇವತ್ತಿಗೂ ಭೂಮಿಯ ಹಕ್ಕಿನ ಮಾತು ಮುಗಿದಿಲ್ಲ. ಸಂಪಾದಕರು ಬೇಡ ಅನ್ನಲಿಲ್ಲ. ‘ಅದರಲ್ಲಿ ಒಂದು ಮನೆ, ಒಂದು ತೊಂದರೆ ಹಿಡಿದುಕೊಂಡು ಬಾ’ ಅಂದರು. ಎಲ್ಲಿಂದ ಹಿಡಿಯುವುದು ಅಂತ ತಿಳಿಯದೆ ಮೂರು ವಾರ ಕಳೆದಿತ್ತು.

ಜೂನ್ ಮೊದಲ ಭಾನುವಾರ ಊರಿಗೆ ಹೋಗಿದ್ದೆ. ಅಮ್ಮ ಹಲಸಿನ ಹಪ್ಪಳ ಡಬ್ಬಿಗೆ ತುಂಬುತ್ತಾ ಸುಮ್ನೆ ಹೇಳಿದರು: ‘ಹಳ್ಳದಾಚೆ ಕೇರಿ ಮಕ್ಕಳು ಎರಡು ದಿನದಿಂದ ಶಾಲೆಗೆ ಬರ್ಲಿಲ್ಲಂತೆ. ಸಂಕ ಹೋಯ್ತಂತೆ.’ ಸಂಕ ಅಂದರೆ ಹಳ್ಳ ದಾಟಲು ಹಾಕುವ ಕಾಲುಸೇತುವೆ. ಆ ಕೇರಿಯ ಹೆಚ್ಚಿನವರು ಮುಳುಗಡೆಯಲ್ಲಿ ಎದ್ದು ಬಂದವರೇ.

ಛತ್ರಿ ಹಿಡಿದು ಹೋದೆ. ಅಡಿಕೆ ಮರದ ದಬ್ಬೆ ನಾಲ್ಕು ಜೋಡಿಸಿ, ಬಳ್ಳಿಯಲ್ಲಿ ಬಿಗಿದು, ಕೈ ಹಿಡಿಯಲು ಒಂದು ಬಿದಿರು ಕಟ್ಟಿ ಮಾಡಿದ ಸಂಕ ಅದು. ಪ್ರತಿ ವರ್ಷ ಊರವರೇ ಕಟ್ಟುವುದು. ಮೊದಲ ಮಳೆಗೇ ಎರಡು ದಬ್ಬೆ ಕೊಚ್ಚಿಹೋಗಿತ್ತು. ಆಚೆ ದಡದಲ್ಲಿ ಒಬ್ಬ ಹುಡುಗ ಯೂನಿಫಾರ್ಮಿನ ಅಂಗಿ ಹಾಕಿಕೊಂಡು ನಿಂತಿದ್ದ, ಭಾನುವಾರ. ಕೂಗಿ ಕೇಳಿದೆ, ಇವತ್ತು ಶಾಲೆ ಇಲ್ಲವಲ್ಲ ಅಂತ. ‘ನಾಳೆ ಹೋಗೋದು, ಈಗ ನೀರು ಎಷ್ಟಿದೆ ನೋಡ್ತಾ ಇದೀನಿ ಅಕ್ಕ’ ಅಂದ. ದಡದ ಕಲ್ಲಿನ ಮೇಲೆ ಸುಣ್ಣದಲ್ಲಿ ಮೂರು ಗೆರೆ ಎಳೆದಿದ್ದ. ಕೆಳಗಿನ ಗೆರೆಗಿಂತ ತಗ್ಗಿದ್ದರೆ ಒಬ್ಬೊಬ್ಬರೇ ಬರಬಹುದು. ನಡುವಿನ ಗೆರೆಗೆ ಬಂದರೆ ಅಪ್ಪನ ಹೆಗಲ ಮೇಲೆ. ಮೇಲಿನ ಗೆರೆ ಮುಟ್ಟಿದರೆ ರಜೆ. ಅವನ ಪ್ರಕಾರ ಆವತ್ತು ನೀರು ಮೇಲಿನ ಗೆರೆಗೆ ಎರಡು ಬೆರಳು ಕಡಿಮೆ.

ಸುತ್ತು ದಾರಿಯಲ್ಲಿ ನಡೆದು ಕೇರಿಗೆ ಹೋಗಿ ಮನೆ ಎಣಿಸಿದೆ. 11 ಮನೆ, ಶಾಲೆಗೆ ಹೋಗುವ ಮಕ್ಕಳು 9.

ಮರುದಿನದಿಂದ ಕಚೇರಿ ಅಲೆದಾಟ. ಯಾವ ಕಚೇರಿ ಅಂತ ಬರೆಯುವುದಿಲ್ಲ. ಮೊದಲು ಹೋದ ಕಡೆ ‘ನಿಮ್ಮ ಕಾರ್ಡ್ ತೋರಿಸಿ’ ಅಂದರು. ಇಂಟರ್ನ್‌ಗೆ ಪ್ರೆಸ್ ಕಾರ್ಡ್ ಕೊಡುವುದಿಲ್ಲ. ಪತ್ರಿಕೆಯ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ, ಫೋಟೊ ಅಂಟಿಸಿ ಸೀಲ್ ಹಾಕಿಸಿ ಸೇರಿದ ದಿನವೇ ಇಟ್ಟುಕೊಳ್ಳಿ. ನನಗೆ ಅದಿಲ್ಲದೆ ಒಂದು ದಿನ ಹಾಳಾಯಿತು. ಹಾಗೆಯೇ ಗಾಡಿ ಮೇಲೆ ಪ್ರೆಸ್ ಅಂತ ಅಂಟಿಸಬೇಡಿ, ನಾವು ಇನ್ನೂ ಕಲಿಯುವವರು.

ಪತ್ರ ತೋರಿಸಿದ ಮೇಲೂ ಸರಿಯಾದ ಉತ್ತರ ಸಿಗಲಿಲ್ಲ. ಒಬ್ಬರು ಆ ಕಡೆಯ ಕಚೇರಿ ಅಂದರು, ಆ ಕಡೆಯವರು ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ ಅಂದರು. ಬೆಂಚಿನ ಮೇಲೆ ಮೂರು ಗಂಟೆ ಕಾದು ಅಳು ಬರುವ ಹಾಗಾಗಿತ್ತು. ಸಂಜೆ ಸರ್ ಹೇಳಿದರು, ‘ಮಾಹಿತಿ ಹಕ್ಕಿನಲ್ಲಿ ಕೇಳು.’ 2005ರ ಕಾಯ್ದೆ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ನಾನು ಮೊದಲು ಎರಡು ಪುಟ ಬರೆದಿದ್ದೆ. ಅವರು ಅದನ್ನು ಮೂರು ಪ್ರಶ್ನೆಗೆ ಇಳಿಸಿದರು: ಈ ಹಳ್ಳಕ್ಕೆ ಕಾಲುಸಂಕ ಬೇಕು ಅಂತ ಅರ್ಜಿ ಬಂದಿದೆಯೇ, ಅಂದಾಜುಪಟ್ಟಿ ಆಗಿದೆಯೇ, ಆಗಿದ್ದರೆ ಈಗ ಯಾವ ಹಂತದಲ್ಲಿದೆ. ಯಾಕೆ ಮಾಡಿಲ್ಲ ಅಂತ ಕೇಳಬೇಡ, ಕಾಗದದಲ್ಲಿ ಇರುವುದನ್ನು ಕೇಳು ಅಂದರು. ಜೂನ್ 9ಕ್ಕೆ ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. ಉತ್ತರಕ್ಕೆ 30 ದಿನ. ಆಗ ನನ್ನ ಇಂಟರ್ನ್‌ಶಿಪ್ ಮುಗಿದಿರುತ್ತದೆ. ಅದಕ್ಕೇ ಇಂಥದ್ದು ಹಾಕುವುದಿದ್ದರೆ ಸೇರಿದ ಮೊದಲ ವಾರವೇ ಹಾಕಿ.

ಉತ್ತರಕ್ಕೆ ಕಾಯದೆ ವರದಿ ಬರೆದೆ. ಒಂದು ವಾರ ಜಾಗ ಸಿಗಲಿಲ್ಲ. ದಿನಾ ಸಂಜೆ ಪೇಜಿನಲ್ಲಿ ಇರುತ್ತಿತ್ತು, ಕೊನೆ ಗಳಿಗೆಯಲ್ಲಿ ಜಾಹೀರಾತು ಬಂದು ಹೊರಗೆ ಹೋಗುತ್ತಿತ್ತು. ನನಗೆ ಸಿಟ್ಟೇ ಬಂತು. ಅಕ್ಕ ಸಮಾಧಾನ ಮಾಡಿದರು, ಆ ಜಾಹೀರಾತಿನಿಂದಲೇ ಕಾಗದ ಕೊಳ್ಳುವುದು ಅಂತ. ನಾಲ್ಕು ಪುಟದ ಪತ್ರಿಕೆಯ ಕಷ್ಟ ಅದು, ನಿಜ. ಆದರೂ ಆ ಏಳು ದಿನದಲ್ಲಿ ಮಕ್ಕಳು ಹಳ್ಳ ದಾಟುತ್ತಲೇ ಇದ್ದರು, ಅದೂ ನಿಜ. ಜೂನ್ 17ರಂದು ಮೂರನೇ ಪುಟದಲ್ಲಿ ಬಂತು, ಹುಡುಗ ಎಳೆದ ಸುಣ್ಣದ ಗೆರೆಯ ಫೋಟೊ ಸಮೇತ. ನನ್ನ ಹೆಸರೂ ಇತ್ತು. ಅಪ್ಪಯ್ಯ ಆವತ್ತು ಅಡಿಕೆ ಧಾರಣೆಗಿಂತ ಮೊದಲು ಅದನ್ನು ಓದಿದರಂತೆ, ಅಮ್ಮ ಫೋನಿನಲ್ಲಿ ಹೇಳಿದರು. ಎರಡು ದಿನ ಬಿಟ್ಟು ಟೇಪ್ ಹಿಡಿದು ಇಬ್ಬರು ಬಂದು ಹಳ್ಳ ಅಳೆದುಕೊಂಡು ಹೋದರು. ಊರವರು ಹೊಸ ದಬ್ಬೆ ಹಾಕಿ ಸಂಕ ಕಟ್ಟಿಕೊಂಡರು.

ಜೂನ್ 25ಕ್ಕೆ 45 ದಿನ ಮುಗಿಯಿತು. ಸಂಪಾದಕರು ಒಂದು ಕವರಿನಲ್ಲಿ 2,000 ರೂಪಾಯಿ ಕೊಟ್ಟರು. ನಾನು ನಿರೀಕ್ಷೆ ಮಾಡಿರಲಿಲ್ಲ. ಖರ್ಚಿನ ಲೆಕ್ಕ ಕೇಳಿದ್ದೀರಲ್ಲ, ಬರೆದುಕೊಳ್ಳಿ: ಸಿಟಿ ಬಸ್, ಚಹಾ ದಿನಕ್ಕೆ 60ರಂತೆ ಸುಮಾರು 2,400. ಊರಿಗೆ, ಹಳ್ಳಿಗಳಿಗೆ ಓಡಾಟ 1,400. ರೇನ್‌ಕೋಟ್ 700. ಮೊಬೈಲ್ ರೀಚಾರ್ಜ್ 600. ಜೆರಾಕ್ಸ್, ಬೈಂಡಿಂಗ್ 450. ಅಂಚೆ ಖರ್ಚು 50. ಒಟ್ಟು 5,600.

ಹುಡುಗಿಯರ ಬಗ್ಗೆ ಕೇಳಿದವರಿಗೆ: ನನ್ನನ್ನು ರಾತ್ರಿ 8ರೊಳಗೆ ಮನೆಗೆ ಕಳಿಸುತ್ತಿದ್ದರು. ಮುದ್ರಣ ನೋಡಬೇಕು ಅಂತ ಎರಡು ದಿನ ಮಾತ್ರ ತಡವಾಗಿ ಉಳಿದೆ, ಚಿಕ್ಕಪ್ಪ ಬೈಕಿನಲ್ಲಿ ಬಂದು ಕರೆದೊಯ್ದರು. ಸೇರುವಾಗಲೇ ಸಮಯದ ಮಾತು ಸ್ಪಷ್ಟವಾಗಿ ಆಡಿಕೊಳ್ಳಿ, ಸಂಕೋಚ ಬೇಡ.

ಇನ್ನು ಸರ್ಟಿಫಿಕೇಟ್. ತಾರೀಖು ನೋಡದೆ ತೆಗೆದುಕೊಂಡು ಬಂದೆ. ಕಾಲೇಜಿನಲ್ಲಿ ನೋಡಿದರೆ ಸೇರಿದ ದಿನ ಮೇ 15 ಅಂತ ಇದೆ. ಪತ್ರಿಕೆಯವರ ಪುಸ್ತಕದಲ್ಲಿ ನನ್ನ ಹೆಸರು ದಾಖಲಾಗಿದ್ದು ಆವತ್ತು. 42 ದಿನ ಆಯಿತು, ಮೂರು ದಿನ ಕಡಿಮೆ, ತೆಗೆದುಕೊಳ್ಳಲು ಆಗುವುದಿಲ್ಲ ಅಂದರು. ಸ್ವೀಕರಿಸಿದ ಪತ್ರದ ಪ್ರತಿ ನನ್ನ ಹತ್ತಿರ ಇದ್ದಿದ್ದರೆ ಅಲ್ಲೇ ತೋರಿಸಬಹುದಿತ್ತು. ಮತ್ತೆ ಶಿವಮೊಗ್ಗಕ್ಕೆ ಹೋದೆ. ಹೋಗಿದ್ದು ಜುಲೈ 1ಕ್ಕೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಶುರುವಾದ ದಿನ, ಪತ್ರಿಕಾ ದಿನಾಚರಣೆ. ಆಫೀಸಿನಲ್ಲಿ ಯಾರೂ ಇಲ್ಲ, ಎಲ್ಲರೂ ಕಾರ್ಯಕ್ರಮಕ್ಕೆ ಹೋಗಿದ್ದರು. ಅಕ್ಕ ಒಬ್ಬರೇ ಇದ್ದರು. ನನ್ನ ಹಳೇ ಕುರ್ಚಿಯಲ್ಲಿ ಕೂತು, ಸಂಜೆಯವರೆಗೆ ಅಡಿಕೆ ಧಾರಣೆ ಟೈಪ್ ಮಾಡಿಕೊಟ್ಟು, ಸಹಿ ಹಾಕಿಸಿಕೊಂಡು ಬಂದೆ. ದಿನಚರಿ ಪುಸ್ತಕಕ್ಕೂ ವಾರ ವಾರ ಸಹಿ ಹಾಕಿಸಿಕೊಳ್ಳಿ, ಕೊನೆಗೆ ಒಟ್ಟಿಗೆ ಅಂತ ಬಿಡಬೇಡಿ.

ಹೋದ ವಾರ ಮನೆಗೆ ಕಂದು ಬಣ್ಣದ ಲಕೋಟೆ ಬಂತು. ಮಾಹಿತಿ ಹಕ್ಕಿನ ಉತ್ತರ, ಎರಡು ಹಾಳೆ. ಅರ್ಜಿ ಬಂದಿದೆ, ಅಂದಾಜುಪಟ್ಟಿ ಆಗಿದೆ. ಹಳ್ಳದ ಒಂದು ದಡ ಅರಣ್ಯದ ಜಾಗವಾದ್ದರಿಂದ ಒಪ್ಪಿಗೆಗೆ ಬರೆಯಲಾಗಿದೆ, ಒಪ್ಪಿಗೆ ಬಂದಿಲ್ಲ. ಸಂಪಾದಕರಿಗೆ ಫೋನ್ ಮಾಡಿ ಓದಿ ಹೇಳಿದೆ. ‘ಬರೆದು ಕಳಿಸು. ಅದಕ್ಕೆ ಮೊದಲು ಇನ್ನೊಂದು ಸಲ ಹೋಗಿ ಮನೆ ಎಣಿಸು’ ಅಂದರು.

ಸಂಜೆ ಮಳೆ ಬಿಟ್ಟಾಗ ಹೋದೆ. ಹೊಸ ದಬ್ಬೆಯ ಸಂಕದ ಮೇಲೆ ಬಿದಿರು ಹಿಡಿದು ದಾಟಿದೆ. ಕೊನೆಯ ಮನೆಯ ಬಾಗಿಲಿಗೆ ಬೀಗ ಇತ್ತು. ಸುಣ್ಣದ ಗೆರೆ ಎಳೆದ ಹುಡುಗನ ಮನೆ ಅದು. ಶಾಲೆ ತಪ್ಪುತ್ತೆ ಅಂತ ಅವನನ್ನೂ ತಂಗಿಯನ್ನೂ ಕರೆದುಕೊಂಡು ಅವರಮ್ಮ ರಿಪ್ಪನ್‌ಪೇಟೆಯ ತವರಿಗೆ ಹೋಗಿದ್ದಾರೆ, ಅಪ್ಪ ಹಗಲು ತೋಟದ ಕೂಲಿಗೆ ಹೋಗುತ್ತಾರೆ ಅಂತ ಪಕ್ಕದ ಮನೆಯವರು ಹೇಳಿದರು. ನೋಟ್‌ಬುಕ್ ತೆಗೆದು ‘10 ಮನೆ’ ಅಂತ ಬರೆದೆ. ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ ಬರೆದೆ: ‘11 ಮನೆ, ಒಂದಕ್ಕೆ ಬೀಗ. ಮಕ್ಕಳು ಈಗ 7.’